ಹಸಿರು ಚುಕ್ಕೆಯ ಹಾಜರಿ: ಪುಣೆಯ ಒಂದು ತಂಡದ ಪ್ರಕರಣ

ಮನೆಯಿಂದ ದುಡಿಯುವ ತಂಡಕ್ಕೆ ಹೊಂದಿಕೊಳ್ಳುವ ಕೆಲಸದ ವೇಳೆ ಕೊಟ್ಟು, ಈ ಪ್ರಕರಣದಲ್ಲಿ ಎಡವಟ್ಟಾದ ನಿಯಮಾವಳಿಯನ್ನು ಬರೆದವಳು ನಾನೇ. ಧಾರವಾಡದಿಂದ ಬಂದು ಪುಣೆಯಲ್ಲಿ ನೆಲೆಸಿ ವರ್ಷಗಳಾದವು. ಇಲ್ಲಿನ ಒಂದು ಸೇವಾ ಕಂಪನಿಯಲ್ಲಿ ಮಾನವ ಸಂಪನ್ಮೂಲ ವಿಭಾಗವನ್ನು ನೋಡಿಕೊಳ್ಳುತ್ತೇನೆ. ಕಂಪನಿಯ ಹೆಸರನ್ನು ಹೇಳುವುದಿಲ್ಲ. ಜನರ ಹೆಸರು, ಊರು, ಮನೆಯ ಕೆಲವು ವಿವರಗಳನ್ನು ಬದಲಿಸಿದ್ದೇನೆ. ಮುಖ್ಯವಾಗಿ ಬರುವ ಮೂವರಿಗೂ ಬರಹವನ್ನು ಓದಿಸಿ, ಒಪ್ಪಿಗೆ ಪಡೆದ ಮೇಲೆಯೇ ಹೊರಗೆ ಕೊಡುತ್ತಿದ್ದೇನೆ.

ಹಿನ್ನೆಲೆ

ತಂಡದಲ್ಲಿ ಹದಿನಾಲ್ಕು ಜನ. ಬ್ರಿಟನ್ನಿನ ವಿಮಾ ಕಂಪನಿಯೊಂದಕ್ಕೆ ಬರುವ ಗೃಹವಿಮೆಯ ಕ್ಲೇಮುಗಳನ್ನು ಪರಿಶೀಲಿಸುವುದು ಅವರ ಕೆಲಸ. ಒಡೆದ ನೀರಿನ ಪೈಪು, ಸೋರಿದ ಮಾಳಿಗೆ, ಕಳುವಾದ ಸಾಮಾನು, ಯಾವುದೇ ಇರಲಿ, ದಾಖಲೆ ತಾಳೆ ನೋಡಿ, ಮೊತ್ತ ಲೆಕ್ಕ ಹಾಕಿ, ಪಾವತಿಗೆ ಶಿಫಾರಸು ಮಾಡಬೇಕು. ಹದಿನಾಲ್ವರಲ್ಲಿ ಆರು ಮಂದಿ ಕನ್ನಡಿಗರು. ಇದರಲ್ಲಿ ಆಶ್ಚರ್ಯವಿಲ್ಲ; ಬೆಳಗಾವಿ, ವಿಜಯಪುರ, ಕಲಬುರಗಿ ಕಡೆಯವರಿಗೆ ಬೆಂಗಳೂರಿಗಿಂತ ಪುಣೆಯೇ ಹತ್ತಿರ.

2020ರ ಮಾರ್ಚ್‌ವರೆಗೆ ಎಲ್ಲರೂ ಮಧ್ಯಾಹ್ನ ಹನ್ನೆರಡೂವರೆಗೆ ಹಿಂಜವಡಿಯ ಕಚೇರಿಗೆ ಬಂದು ರಾತ್ರಿ ಒಂಬತ್ತೂವರೆಗೆ ಹೊರಡುತ್ತಿದ್ದರು. ಬ್ರಿಟನ್ ಬೇಸಿಗೆಯಲ್ಲಿ ನಮಗಿಂತ ನಾಲ್ಕೂವರೆ ಗಂಟೆ, ಚಳಿಗಾಲದಲ್ಲಿ ಐದೂವರೆ ಗಂಟೆ ಹಿಂದಿರುತ್ತದೆ. ಅಲ್ಲಿ ಬೆಳಿಗ್ಗೆ ಕಚೇರಿ ತೆರೆದಾಗ ಇಲ್ಲಿ ಊಟದ ಹೊತ್ತು ಮುಗಿದಿರುತ್ತದೆ. ಲಾಕ್‌ಡೌನ್ ಬಂದು ಎಲ್ಲರೂ ಮನೆ ಸೇರಿದರು. 2022ರಲ್ಲಿ ಕಂಪನಿ ಬಾಡಿಗೆಯ ಒಂದು ಮಹಡಿಯನ್ನೇ ಬಿಟ್ಟುಕೊಟ್ಟಿತು. ತಿಂಗಳಿಗೊಮ್ಮೆ ಕಚೇರಿ, ಉಳಿದಂತೆ ಮನೆಯೇ ಕಚೇರಿ ಎಂದಾಯಿತು.

2023ರ ಜನವರಿಯಲ್ಲಿ ನಾನು ಹೊಂದಿಕೊಳ್ಳುವ ಕೆಲಸದ ವೇಳೆಯ ನಿಯಮವನ್ನು ತಂದೆ. ಮಧ್ಯಾಹ್ನ ಎರಡೂವರೆಯಿಂದ ಸಂಜೆ ಆರೂವರೆಯವರೆಗೆ ಎಲ್ಲರೂ ಇರಬೇಕು. ಉಳಿದ ನಾಲ್ಕು ಗಂಟೆಯನ್ನು ಬೆಳಿಗ್ಗೆ ಏಳರಿಂದ ರಾತ್ರಿ ಹತ್ತರೊಳಗೆ ಅವರವರ ಅನುಕೂಲಕ್ಕೆ ಮಾಡಬಹುದು. ಆಡಳಿತ ಮಂಡಳಿಯನ್ನು ಒಪ್ಪಿಸಲು ನಾನು 1967ರ ಜರ್ಮನಿಯ ಉದಾಹರಣೆ ಹೇಳಿದ್ದೆ. ಮ್ಯೂನಿಕ್ ಬಳಿಯ ಓಟೊಬ್ರುನ್‌ನಲ್ಲಿದ್ದ ವಿಮಾನ ತಯಾರಿಕಾ ಕಂಪನಿಯೊಂದು ಬೆಳಗಿನ ವಾಹನ ದಟ್ಟಣೆಯಿಂದ ಬೇಸತ್ತು ನೌಕರರಿಗೆ ಬರುವ, ಹೋಗುವ ವೇಳೆಯನ್ನು ಆರಿಸಿಕೊಳ್ಳಲು ಬಿಟ್ಟಿತ್ತು. ವಾಕಡ್ ಸೇತುವೆಯ ಮೇಲೆ ದಿನವೂ ಗಂಟೆಗಟ್ಟಲೆ ನಿಂತವರಿಗೆ ಈ ಕಥೆ ತಕ್ಷಣ ತಲೆಗೆ ಹೋಯಿತು. ಆದರೆ ಆ ಜರ್ಮನ್ ಕಂಪನಿಯಲ್ಲಿ ಗೇಟು ದಾಟಿ ಹೊರಬಿದ್ದವನ ಕೆಲಸ ಅಲ್ಲಿಗೇ ಮುಗಿಯುತ್ತಿತ್ತು. ನಮ್ಮ ಜನರಿಗೆ ದಾಟಲು ಗೇಟೇ ಇರಲಿಲ್ಲ. ಅದು ಆಗ ನನಗೆ ಹೊಳೆಯಲಿಲ್ಲ.

ನಾನು ತಪ್ಪಾಗಿ ಓದಿದ ಅಂಕಿ

ಮೊದಲ ಆರು ತಿಂಗಳಲ್ಲಿ ಹದಿನಾಲ್ಕು ಜನ ಸೇರಿ ತೆಗೆದುಕೊಂಡ ಅನಾರೋಗ್ಯ ರಜೆ ಒಟ್ಟು ಮೂರು ದಿನ. ಜುಲೈ ಸಭೆಯಲ್ಲಿ ಇದನ್ನು ನಾನು ಹೆಮ್ಮೆಯಿಂದ ತೋರಿಸಿದೆ. ಮನೆಯಿಂದ ಕೆಲಸ ಮಾಡುವುದರಿಂದ ಜನರ ಆರೋಗ್ಯ ಸುಧಾರಿಸಿದೆ ಎಂದು ಬರೆದೆ. ಹೊರಗೆ ಮಳೆಗಾಲ, ನನ್ನ ಅಪಾರ್ಟ್‌ಮೆಂಟಿನಲ್ಲೇ ಮನೆಗೊಬ್ಬರಂತೆ ಜ್ವರದಿಂದ ಮಲಗಿದ್ದರು. ಇಡೀ ಊರಿಗೆ ಬರುವ ಜ್ವರ ನಮ್ಮ ತಂಡಕ್ಕೆ ಮಾತ್ರ ಏಕೆ ಬರುವುದಿಲ್ಲ ಎಂದು ನಾನು ಕೇಳಿಕೊಳ್ಳಬೇಕಿತ್ತು.

ಆಗಸ್ಟಿನಲ್ಲಿ ಗುಣಮಟ್ಟ ತಪಾಸಣೆಯಲ್ಲಿ ವಿನುತಾಳ ಹನ್ನೊಂದು ಕಡತಗಳು ಸಿಕ್ಕಿಬಿದ್ದವು. ಗೃಹವಿಮೆಯಲ್ಲಿ ಪ್ರತಿ ಕ್ಲೇಮಿನಲ್ಲೂ ವಿಮಾದಾರನೇ ಭರಿಸಬೇಕಾದ ಒಂದಿಷ್ಟು ಮೊತ್ತವಿರುತ್ತದೆ. ಎಕ್ಸೆಸ್ ಎನ್ನುತ್ತಾರೆ. ಅದನ್ನು ಕಳೆದ ಮೇಲೆಯೇ ಪಾವತಿಗೆ ಬರೆಯಬೇಕು. ಹನ್ನೊಂದರಲ್ಲೂ ಅದನ್ನು ಕಳೆದಿರಲಿಲ್ಲ. ವಿನುತಾ ಐದು ವರ್ಷದ ಅನುಭವಿ, ಹೊಸಬರಿಗೆ ಇದೇ ಪಾಠ ಹೇಳಿಕೊಡುತ್ತಿದ್ದವಳು. ಹನ್ನೊಂದೂ ಒಂದೇ ಮೂರು ದಿನಗಳಲ್ಲಿ ಮಾಡಿದವು. ನಾನು ಫೋನ್ ಮಾಡಿದೆ.

"ಅಕ್ಕಾ, ಆ ಮೂರು ದಿನ ನನಗೆ ಡೆಂಗ್ಯೂ ಇತ್ತು" ಎಂದಳು.

"ರಜೆ ಏಕೆ ಹಾಕಲಿಲ್ಲ?"

"ಮನೆಯಲ್ಲೇ ಇದ್ದೆನಲ್ಲ. ಹಿಂಜವಡಿಗೆ ಹೋಗುವುದಿದ್ದರೆ ಖಂಡಿತ ಹಾಕುತ್ತಿದ್ದೆ. ಮಲಗಿಕೊಂಡೇ ಲ್ಯಾಪ್‌ಟಾಪ್ ತೆರೆದಿಟ್ಟರೆ ಆಯಿತು ಎಂದುಕೊಂಡೆ. ಅತ್ತೆ ಹಣೆಗೆ ಒದ್ದೆ ಬಟ್ಟೆ ಹಾಕುತ್ತಿದ್ದರು, ನಾನು ಮ್ಯೂಟ್ ಮಾಡಿ ಮೀಟಿಂಗ್ ಕೇಳುತ್ತಿದ್ದೆ."

ಆಕೆಯ ದನಿಯಲ್ಲಿ ದೂರು ಇರಲಿಲ್ಲ. ತಪ್ಪು ಮಾಡಿದ್ದಕ್ಕೆ ಕ್ಷಮೆ ಕೇಳಿದಳು. ಕ್ಷಮೆ ಕೇಳಬೇಕಾದವಳು ನಾನು ಎಂಬುದು ನನಗೆ ಅರ್ಥವಾಗಲು ಇನ್ನೂ ಎರಡು ತಿಂಗಳು ಹಿಡಿಯಿತು.

ಮೈ ಸರಿಯಿಲ್ಲದಿದ್ದರೂ, ಕೆಲಸವಿಲ್ಲದಿದ್ದರೂ ಇದ್ದೇನೆ ಎಂದು ತೋರಿಸಿಕೊಳ್ಳುವುದಕ್ಕೆ ನಮ್ಮ ವೃತ್ತಿಯಲ್ಲಿ ಪ್ರೆಸೆಂಟೀಯಿಸಂ ಎಂಬ ಹೆಸರಿದೆ. ನಾನು ಅದನ್ನು ಹಾಜರಿಯ ಹಂಗು ಎನ್ನುತ್ತೇನೆ. ಕಚೇರಿಯಲ್ಲಿ ಅದು ಕುರ್ಚಿಯ ಬೆನ್ನಿಗೆ ಹಾಕಿದ ಕೋಟಿನಂತೆ ಕಣ್ಣಿಗೆ ಕಾಣುತ್ತಿತ್ತು. ಮನೆಯಲ್ಲಿ ಅದು ಚಾಟ್ ತಂತ್ರಾಂಶದ ಹೆಸರಿನ ಪಕ್ಕದ ಹಸಿರು ಚುಕ್ಕೆಯೊಳಗೆ ಸೇರಿಕೊಂಡಿತ್ತು. ಕೆಲವು ನಿಮಿಷ ಮೌಸ್ ಮುಟ್ಟದಿದ್ದರೆ ಚುಕ್ಕೆ ಹಳದಿಯಾಗುತ್ತದೆ. ಪುಣೆಯಲ್ಲಿ ಗುರುವಾರ ದುರಸ್ತಿಗೆಂದು ಕರೆಂಟ್ ತೆಗೆಯುವುದು ಎಲ್ಲರಿಗೂ ಗೊತ್ತಿರುವ ಸಂಗತಿ. ಆದರೂ ನಮ್ಮವರು ವಿದ್ಯುತ್ ಕಂಪನಿಯಿಂದ ಬಂದ ಸಂದೇಶದ ಚಿತ್ರ ತೆಗೆದು ಗುಂಪಿಗೆ ಹಾಕುತ್ತಿದ್ದರು. ಯಾರೂ ಕೇಳಿರಲಿಲ್ಲ. ಒಬ್ಬರು ಹಾಕಿದರು, ಆಮೇಲೆ ಹಾಕದಿರುವ ಧೈರ್ಯ ಯಾರಿಗೂ ಬರಲಿಲ್ಲ.

ನಾಲ್ಕು ವಾರಗಳ ಲಾಗಿನ್ ದಾಖಲೆಗಳನ್ನು ತೆಗೆಸಿ ನೋಡಿದೆ. ಹೆಚ್ಚಿನವರ ಮೊದಲ ಲಾಗಿನ್ ಬೆಳಿಗ್ಗೆ ಒಂಬತ್ತರ ಸುಮಾರಿಗೆ, ಕೊನೆಯದು ರಾತ್ರಿ ಹನ್ನೊಂದರ ಆಚೆಗೆ. ಒಟ್ಟು ಕೆಲಸ ಒಂಬತ್ತು ಗಂಟೆ ಮೀರದಿದ್ದರೂ ಅದು ಇಡೀ ದಿನದ ಮೇಲೆ ಚೆಲ್ಲಾಪಿಲ್ಲಿಯಾಗಿ ಬಿದ್ದಿತ್ತು. ಆಗ ಜಾರಿಯಲ್ಲಿದ್ದ 2017ರ ಮಹಾರಾಷ್ಟ್ರ ಅಂಗಡಿ ಮತ್ತು ಸಂಸ್ಥೆಗಳ ಕಾಯ್ದೆಯನ್ನು ಮತ್ತೆ ತೆರೆದೆ. ದಿನಕ್ಕೆ 9 ಗಂಟೆ, ವಾರಕ್ಕೆ 48 ಗಂಟೆ ಎಂಬ ಅಂದಿನ ಮಿತಿ ಎಲ್ಲರಿಗೂ ಬಾಯಿಪಾಠವಾಗಿತ್ತು. ಅದರ ಪಕ್ಕದಲ್ಲೇ ಇನ್ನೊಂದು ಮಿತಿ ಇತ್ತು: ಕೆಲಸ ಶುರುವಾದಾಗಿನಿಂದ ಮುಗಿಯುವವರೆಗೆ, ಬಿಡುವೂ ಸೇರಿದಂತೆ, ದಿನದ ಹರಹು ಹತ್ತೂವರೆ ಗಂಟೆ ದಾಟಬಾರದು. ಬೆಳಿಗ್ಗೆ ಎರಡು ಗಂಟೆ, ರಾತ್ರಿ ಎರಡು ಗಂಟೆ ದುಡಿಸಿದರೆ ನಡುವಿನ ಬಿಡುವು ಮನುಷ್ಯನದಾಗಿ ಉಳಿಯುವುದಿಲ್ಲ ಎಂಬುದು ಅಂಗಡಿ ಕೆಲಸದವರನ್ನು ಕಂಡವರಿಗೆ ಯಾವತ್ತೋ ತಿಳಿದಿತ್ತು. ಬೆಳಿಗ್ಗೆ ಏಳರಿಂದ ರಾತ್ರಿ ಹತ್ತು ಎಂದು ಹದಿನೈದು ಗಂಟೆಯ ಬಾಗಿಲು ತೆರೆದಿಟ್ಟ ನಾನು ಅದನ್ನು ಮರೆತಿದ್ದೆ. ಈ ಪ್ರಕರಣದಿಂದ ಬೇರೇನನ್ನೂ ತೆಗೆದುಕೊಳ್ಳದಿದ್ದರೂ ಚಿಂತೆಯಿಲ್ಲ, ಇದೊಂದನ್ನು ಗಮನಿಸಿ: ಹೊಂದಿಕೊಳ್ಳುವ ವೇಳೆಯನ್ನು ಕೊಡುವಾಗ ಎಷ್ಟು ಗಂಟೆ ಎಂದಷ್ಟೇ ಬರೆದರೆ ಸಾಲದು, ಆ ಗಂಟೆಗಳು ದಿನದ ಎಷ್ಟು ಉದ್ದಕ್ಕೆ ಹರಡಬಹುದು ಎಂಬುದನ್ನೂ ಬರೆಯಬೇಕು.

ಮಾಡಿ ನೋಡಿದ್ದು

ಮೊದಲು ಸುತ್ತೋಲೆ ಹೊರಡಿಸಿದೆ: ರಾತ್ರಿ ಎಂಟರ ನಂತರ ಸಂದೇಶ ಕಳಿಸಬಾರದು. ಮಾತುಕತೆ ವಾಟ್ಸ್‌ಆ್ಯಪ್‌ಗೆ ಹೋಯಿತು, ಅಷ್ಟೇ. ನಂತರ ಒತ್ತಡ ನಿರ್ವಹಣೆಯ ಬಗ್ಗೆ ಒಂದು ಆನ್‌ಲೈನ್ ಉಪನ್ಯಾಸ ಏರ್ಪಡಿಸಿದೆ. ಹದಿನಾಲ್ಕು ಚುಕ್ಕೆಗಳೂ ಹಸಿರಾಗಿದ್ದವು, ಪ್ರಶ್ನೆ ಕೇಳಿದವರು ಒಬ್ಬರೂ ಇಲ್ಲ.

ಮೂರನೆಯದು ನನಗೆ ಇಂದಿಗೂ ನೋವು ಕೊಡುವ ತೀರ್ಮಾನ. ವಿನುತಾಳ ಹನ್ನೊಂದು ಕಡತಗಳ ವಿಷಯ ತಿಳಿದ ಮೇಲಿನವರು, ಜನ ಮನೆಯಲ್ಲಿ ಗಮನವಿಟ್ಟು ಕೆಲಸ ಮಾಡುತ್ತಿಲ್ಲ ಎಂದು ಅರ್ಥ ಮಾಡಿಕೊಂಡರು. ಕೀಲಿಮಣೆ ಮತ್ತು ಮೌಸ್ ಎಷ್ಟು ಹೊತ್ತು ಓಡಾಡಿತು ಎಂದು ಶೇಕಡಾವಾರು ತೋರಿಸುವ ತಂತ್ರಾಂಶವನ್ನು ಪ್ರಾಯೋಗಿಕವಾಗಿ ಹಾಕೋಣ ಎಂದರು. ಆ ಅನುಮಾನ ನಮ್ಮವರದಷ್ಟೇ ಆಗಿರಲಿಲ್ಲ. 2022ರಲ್ಲಿ ಮೈಕ್ರೋಸಾಫ್ಟ್ ಹಲವು ದೇಶಗಳಲ್ಲಿ ನಡೆಸಿದ ಸಮೀಕ್ಷೆಯಲ್ಲಿ ಶೇ 87ರಷ್ಟು ನೌಕರರು ತಾವು ಚೆನ್ನಾಗಿ ಕೆಲಸ ಮಾಡುತ್ತಿದ್ದೇವೆ ಎಂದಿದ್ದರು. ತಮ್ಮ ತಂಡದ ಬಗ್ಗೆ ಪೂರ್ಣ ವಿಶ್ವಾಸವಿದೆ ಎಂದ ಮುಖ್ಯಸ್ಥರು ಶೇ 12 ಮಾತ್ರ. ಈ ಅಂತರ ನನಗೆ ಗೊತ್ತಿತ್ತು. ಗೊತ್ತಿದ್ದೂ ಬೇಡ ಎಂದು ಗಟ್ಟಿಯಾಗಿ ಹೇಳಲಿಲ್ಲ. ಮೂರು ವಾರ ನೋಡೋಣ ಎಂದು ತಲೆಯಾಡಿಸಿದೆ.

ಮೂರು ವಾರಗಳಲ್ಲಿ ಶೇಕಡಾವಾರು ಏರಿತು. ಮುಗಿದ ಕಡತಗಳ ಸಂಖ್ಯೆ ಇದ್ದಲ್ಲೇ ಇತ್ತು, ತಪ್ಪುಗಳು ಹೆಚ್ಚಾದವು. ಎಲ್ಲರಿಗಿಂತ ಮೇಲಿದ್ದವನು ಕಲಬುರಗಿ ಕಡೆಯ ಮಲ್ಲಿಕಾರ್ಜುನ. ಒಂದು ದಿನ ವಿಡಿಯೊ ಕರೆಯಲ್ಲಿ ಅವನು ನೀರಿಗೆಂದು ಎದ್ದಾಗ ಕ್ಯಾಮೆರಾ ಸ್ವಲ್ಪ ವಾಲಿತು. ಮೇಜಿನ ಮೇಲೆ ಕೈಗಡಿಯಾರವೊಂದು ಮುಖ ಮೇಲಾಗಿ ಮಲಗಿತ್ತು, ಅದರ ಮೇಲೆ ಮೌಸ್ ಕೂತಿತ್ತು. ಸೆಕೆಂಡಿನ ಮುಳ್ಳು ತಿರುಗಿದಂತೆಲ್ಲ ಮೌಸಿನ ಕೆಳಗಿನ ಬೆಳಕು ಅದನ್ನು ಚಲನೆ ಎಂದೇ ಓದಿಕೊಳ್ಳುತ್ತದೆ. ಪರದೆಯ ಮೇಲಿನ ಬಾಣ ಸಣ್ಣಗೆ ನಡುಗುತ್ತಲೇ ಇರುತ್ತದೆ, ಚುಕ್ಕೆ ಹಸಿರಾಗಿಯೇ ಇರುತ್ತದೆ. ನಾನು ಏನೂ ಹೇಳಲಿಲ್ಲ, ಯಾರಿಗೂ ವರದಿ ಮಾಡಲಿಲ್ಲ. ಶಿಸ್ತು ಕ್ರಮ ಜರುಗಿಸುವ ಅಧಿಕಾರ ನನ್ನ ಕೈಯಲ್ಲಿತ್ತು. ಸುಮ್ಮನಿರಲು ಮಾಡಿದ ಆ ನಿರ್ಧಾರ ಸರಿಯಾಗಿತ್ತು ಎಂದೇ ಈಗಲೂ ನಂಬಿದ್ದೇನೆ. ಅಂದು ಅವನನ್ನು ಶಿಕ್ಷಿಸಿದ್ದರೆ ಮುಂದಿನ ಮಾತು ಹೊರಗೆ ಬರುತ್ತಲೇ ಇರಲಿಲ್ಲ.

ತಿರುವು

ಅಕ್ಟೋಬರಿನಲ್ಲಿ ತಿಂಗಳ ಭೇಟಿಗೆ ಎಲ್ಲರೂ ಕಚೇರಿಗೆ ಬಂದರು. ಊಟವಾದ ಮೇಲೆ ತಂಡದ ಮುಖ್ಯಸ್ಥ ಪ್ರಸನ್ನ ಅವರನ್ನೂ ಕೂರಿಸಿಕೊಂಡು, ಇವತ್ತು ಕೇಳಿದ್ದು ಈ ಕೋಣೆಯಿಂದ ಹೊರಗೆ ಹೋಗುವುದಿಲ್ಲ, ಆ ತಂತ್ರಾಂಶವನ್ನು ತೆಗೆಸುವ ಜವಾಬ್ದಾರಿ ನನ್ನದು ಎಂದೆ. ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಮಲ್ಲಿಕಾರ್ಜುನ ಕೈಯಿಂದ ಗಡಿಯಾರ ಬಿಚ್ಚಿ ಮೇಜಿನ ಮೇಲಿಟ್ಟ. ಎಚ್‌ಎಂಟಿ ಜನತಾ, ಕೀಲಿ ಕೊಡುವಂಥದ್ದು. ಗಾಜಿನ ಮೇಲೆ ಮೌಸ್ ಉಜ್ಜಿ ಗೀರುಗಳು ಬಿದ್ದಿದ್ದವು.

"ಮೇಡಂ, ಇದು ಅಪ್ಪನದು. ಮೂವತ್ತು ವರ್ಷ ಶಾಲೆಗೆ ಕಟ್ಟಿಕೊಂಡು ಹೋಗಿದ್ದಾರೆ, ಒಂದು ದಿನ ತಡವಾದವರಲ್ಲ. ನನಗೆ ಕೆಲಸ ಸಿಕ್ಕಾಗ ಕೊಟ್ಟರು. ಇದರಿಂದ ನಾನು ಮಾಡಿದ ಕೆಲಸ ಇದು" ಎಂದ. ಅವನಿಗೆ ಮುಂದೆ ಮಾತು ಹೊರಡಲಿಲ್ಲ.

ಅವನು ಸೋಮಾರಿಯಾಗಿರಲಿಲ್ಲ, ಇದನ್ನು ಒತ್ತಿ ಹೇಳಬೇಕು. ತನ್ನ ಪಾಲಿನ ಕಡತಗಳನ್ನು ಸಂಜೆ ಏಳಕ್ಕೆಲ್ಲ ಮುಗಿಸುತ್ತಿದ್ದ. ಮುಗಿಸಿದೆ ಎಂದು ಹೇಳಿದರೆ ಕೆಲಸ ಕಡಿಮೆಯಾಯಿತು ಎನ್ನುತ್ತಾರೆ ಎಂಬ ಭಯಕ್ಕೆ ಹತ್ತರವರೆಗೆ ಗಡಿಯಾರವನ್ನು ಹಾಜರಿಗೆ ಕೂರಿಸುತ್ತಿದ್ದ.

ಆಮೇಲೆ ವಿನುತಾ ಮಾತಾಡಿದಳು. "ಸರ್, ನಿಮ್ಮ ಸಂದೇಶ ರಾತ್ರಿ ಹನ್ನೊಂದಕ್ಕೆ ಬರುತ್ತದೆ. ಮಗಳನ್ನು ಮಲಗಿಸಿ ಕಾಯುತ್ತಿರುತ್ತೇನೆ. ಅನುಕೂಲವಾದಾಗ ನೋಡಿ ಎಂದು ನೀವು ಕೊನೆಯಲ್ಲಿ ಬರೆದಿರುತ್ತೀರಿ. ನಾನು ಅದನ್ನು ಈಗಲೇ ನೋಡು ಎಂದು ಓದಿಕೊಳ್ಳುತ್ತೇನೆ."

ಪ್ರಸನ್ನ ಅವರ ಮುಖ ಬಿಳಿಚಿಕೊಂಡಿತು. ಶಿರಸಿ ಕಡೆಯವರು, ಮಾತು ಕಡಿಮೆ. ನಿಧಾನವಾಗಿ ಹೇಳಿದರು: ಎಂಟು ತಿಂಗಳಿಂದ ಅವರ ತಂದೆಗೆ ವಾರಕ್ಕೆ ಮೂರು ಸಲ ಡಯಾಲಿಸಿಸ್. ಸೋಮವಾರ, ಬುಧವಾರ, ಶುಕ್ರವಾರ ಬೆಳಿಗ್ಗೆ ಚಿಂಚವಡದ ಆಸ್ಪತ್ರೆಗೆ ಕರೆದುಕೊಂಡು ಹೋಗಬೇಕು, ಒಂದೊಂದು ಸಲಕ್ಕೆ ನಾಲ್ಕು ಗಂಟೆ. ಬೆಳಗಿನ ಕೆಲಸ ರಾತ್ರಿಗೆ ಜಾರುತ್ತಿತ್ತು. ನಿಯಮ ಕೊಟ್ಟ ಅನುಕೂಲವನ್ನು ಬಳಸಿದ್ದರು, ಅದರಲ್ಲಿ ತಪ್ಪೇನಿಲ್ಲ. ಆದರೆ ಆಸ್ಪತ್ರೆಯಲ್ಲಿ ಕೂತಾಗಲೂ ಐದೈದು ನಿಮಿಷಕ್ಕೆ ಮೊಬೈಲ್ ಮುಟ್ಟಿ ಚುಕ್ಕೆಯನ್ನು ಹಸಿರಾಗಿಟ್ಟುಕೊಳ್ಳುತ್ತಿದ್ದರು.

"ಏಕೆ ಪ್ರಸನ್ನ ಅವರೇ?" ಎಂದೆ.

"ಬೆಳಿಗ್ಗೆ ನಾನು ಇರುವುದಿಲ್ಲ ಎಂದು ಗೊತ್ತಾದರೆ ಇವರಿಗೆ ನನ್ನ ಮೇಲಿನ ಗೌರವ ಹೋಗುತ್ತದೆ ಎಂದುಕೊಂಡೆ."

ಆ ಕೋಣೆಯಲ್ಲಿ ಇಡೀ ಪ್ರಕರಣ ಒಮ್ಮೆಗೇ ಬಿಚ್ಚಿಕೊಂಡಿತು. ತಂಡಕ್ಕೆ ಕಂಡದ್ದು ಬೆಳಿಗ್ಗೆ ಒಂಬತ್ತಕ್ಕೂ ಹಸಿರಾಗಿರುವ, ರಾತ್ರಿ ಹನ್ನೊಂದೂವರೆಗೂ ಹಸಿರಾಗಿರುವ ಮುಖ್ಯಸ್ಥ. ಅವರು ಹಾಗಿರುವಾಗ ತಾವು ಹೇಗೆ ಏಳುವುದು ಎಂದು ಹದಿಮೂರು ಜನ ಕೂತರು. ಅವರು ಕೂತಿದ್ದನ್ನು ಕಂಡು ಪ್ರಸನ್ನ ಇನ್ನಷ್ಟು ಕೂತರು. ಒಬ್ಬರ ಹೊಂದಿಕೊಳ್ಳುವ ವೇಳೆ ಉಳಿದವರ ಹೆಚ್ಚುವರಿ ವೇಳೆಯಾಗಿ ಹೋಗಿತ್ತು, ಮತ್ತು ಇದನ್ನು ಯಾರೂ ಯಾರಿಗೂ ಆದೇಶಿಸಿರಲಿಲ್ಲ.

ಆಮೇಲೆ ಬದಲಿಸಿದ್ದು

ಮೊದಲ ಬದಲಾವಣೆ ನನ್ನಿಂದ ಬರಲಿಲ್ಲ. ಮರುದಿನ ಬೆಳಿಗ್ಗೆ ಪ್ರಸನ್ನ ತಮ್ಮ ಕ್ಯಾಲೆಂಡರಿನಲ್ಲಿ ವಾರದ ಮೂರು ಬೆಳಗನ್ನು "ಅಪ್ಪನ ಜೊತೆ ಆಸ್ಪತ್ರೆ" ಎಂದು ಎಲ್ಲರಿಗೂ ಕಾಣುವಂತೆ ಬರೆದು, ತಮ್ಮ ಚುಕ್ಕೆಯನ್ನು ಆಫ್‌ಲೈನ್ ಮಾಡಿಟ್ಟರು. ಕೆಲಸ ಮಾಡುವಾಗಲೂ ಅದು ಬೂದು ಬಣ್ಣದಲ್ಲೇ ಉಳಿಯಿತು. ವಾರದೊಳಗೆ ಹದಿನಾಲ್ಕೂ ಬೂದಾದವು. ರಾತ್ರಿ ಬರೆದ ಸಂದೇಶವನ್ನು ಮರುದಿನ ಮಧ್ಯಾಹ್ನ ತಲುಪುವಂತೆ ಹೊಂದಿಸುವುದನ್ನು ಅವರು ರೂಢಿ ಮಾಡಿಕೊಂಡರು. ನಿಜವಾಗಿ ತುರ್ತಿದ್ದರೆ ಫೋನ್ ಮಾಡಬೇಕು ಎಂದಾಯಿತು. ಫೋನ್ ಮಾಡುವಾಗ ಮನುಷ್ಯ ಒಂದು ಕ್ಷಣ ಯೋಚಿಸುತ್ತಾನೆ, ಸಂದೇಶ ಕಳಿಸುವಾಗ ಯೋಚಿಸುವುದಿಲ್ಲ. ಮುಂದಿನ ತಿಂಗಳುಗಳಲ್ಲಿ ರಾತ್ರಿ ಬಂದ ಕರೆಗಳು ಬೆರಳೆಣಿಕೆಯಷ್ಟು.

ನಾನು ಮಾಡಿದ್ದು ಎರಡು. ದಿನದ ಹರಹಿಗೆ ಹತ್ತೂವರೆ ಗಂಟೆಯ ಮಿತಿಯನ್ನು ನಿಯಮದೊಳಗೆ ತಂದೆ. ಆಸ್ಪತ್ರೆಯಂಥ ಕಾರಣವಿದ್ದವರಿಗೆ ಒಟ್ಟು ಗಂಟೆಯನ್ನೇ ಕಡಿಮೆ ಮಾಡಿದೆ. ಎರಡನೆಯದು ಅನಾರೋಗ್ಯ ರಜೆ. ಎರಡು ದಿನದವರೆಗೆ ವೈದ್ಯರ ಚೀಟಿ ಬೇಡ ಎಂದೆ. ಅದಕ್ಕಿಂತ ಮುಖ್ಯವಾಗಿ, ರಜೆ ಹಾಕಿದ ಕೂಡಲೇ ಆ ವ್ಯಕ್ತಿಯ ಸರದಿಯಲ್ಲಿರುವ ಕಡತಗಳೆಲ್ಲ ಬೇರೆಯವರಿಗೆ ಹಂಚಿಕೆಯಾಗುವಂತೆ ಮಾಡಿಸಿದೆ. ರಜೆಯಲ್ಲಿದ್ದವರು ಲ್ಯಾಪ್‌ಟಾಪ್ ತೆರೆದರೂ ಮಾಡಲು ಏನೂ ಇರುವುದಿಲ್ಲ. ವಿಶ್ರಾಂತಿ ತೆಗೆದುಕೊಳ್ಳಿ ಎಂದು ನೂರು ಸಲ ಹೇಳುವುದಕ್ಕಿಂತ ಇದು ಹೆಚ್ಚು ಕೆಲಸ ಮಾಡಿತು.

ಫಲ

ಮೊದಲ ತಿಂಗಳು ಸುಲಭವಿರಲಿಲ್ಲ. ಕಡತಗಳು ಬಾಕಿ ಬಿದ್ದವು, ಬ್ರಿಟನ್ನಿನಿಂದ ಒಂದು ಖಾರವಾದ ಪತ್ರ ಬಂತು. ನಂತರದ ಮೂರು ತಿಂಗಳಲ್ಲಿ ಅನಾರೋಗ್ಯ ರಜೆ ಮೂರರಿಂದ ಹತ್ತೊಂಬತ್ತಕ್ಕೆ ಏರಿತು. ಮೇಲಿನವರು ನನ್ನನ್ನು ಕರೆದು, ಇದೇನು ಸುಧಾರಣೆ ಎಂದು ಕೇಳಿದರು. ನಾನು ಗುಣಮಟ್ಟ ತಪಾಸಣೆಯ ಪಟ್ಟಿಯನ್ನು ಪಕ್ಕದಲ್ಲಿಟ್ಟೆ; ಮತ್ತೆ ತಿದ್ದಬೇಕಾದ ಕಡತಗಳು ಕಡಿಮೆಯಾಗುತ್ತ ಬಂದಿದ್ದವು. ವಿಶ್ವ ಆರೋಗ್ಯ ಸಂಸ್ಥೆ ಮತ್ತು ಅಂತಾರಾಷ್ಟ್ರೀಯ ಕಾರ್ಮಿಕ ಸಂಸ್ಥೆ 2021ರಲ್ಲಿ ಹೊರತಂದ ಅಂದಾಜನ್ನೂ ಇಟ್ಟೆ: ವಾರಕ್ಕೆ 35ರಿಂದ 40 ಗಂಟೆ ದುಡಿಯುವವರಿಗೆ ಹೋಲಿಸಿದರೆ 55 ಗಂಟೆ ಅಥವಾ ಹೆಚ್ಚು ದುಡಿಯುವವರಿಗೆ ಪಾರ್ಶ್ವವಾಯುವಿನ ಅಪಾಯ ಶೇ 35, ಹೃದಯದ ರಕ್ತನಾಳದ ಕಾಯಿಲೆಯಿಂದ ಸಾಯುವ ಅಪಾಯ ಶೇ 17 ಹೆಚ್ಚು. ಜುಲೈನಲ್ಲಿ ನಾನು ತೋರಿಸಿದ ಮೂರು ಎಂಬ ಅಂಕಿಯೇ ಸುಳ್ಳು, ಹತ್ತೊಂಬತ್ತು ನಿಜ ಎಂದೆ. ಆ ಮಾತು ಹೇಳಲು ನನಗೆ ಕಷ್ಟವಾಯಿತು, ಏಕೆಂದರೆ ಮೊದಲ ಅಂಕಿಗೆ ಸಿಕ್ಕ ಚಪ್ಪಾಳೆಯೂ ನನ್ನದೇ ಆಗಿತ್ತು.

ಎಲ್ಲರಿಗೂ ಒಂದೇ ಮದ್ದು ಹಿಡಿಯಲಿಲ್ಲ. ಸಿಂಹಗಡ ರಸ್ತೆಯಾಚೆ ಧಾಯರಿಯಲ್ಲಿ ಒಂದೇ ಕೋಣೆಯ ಮನೆಯಲ್ಲಿರುವ ಹಿರಿಯರೊಬ್ಬರು ನನಗೆ ಹಳೆಯ ವೇಳೆಯೇ ಬೇಕು ಎಂದರು. ಯಾವಾಗ ಬೇಕಾದರೂ ಮಾಡಬಹುದಾದ ಕೆಲಸ ಎಂದು ತಿಳಿದ ಮೇಲೆ ಮನೆಯವರು ರೇಷನ್ ತರಲು, ಗ್ಯಾಸ್ ಹುಡುಗನಿಗೆ ಕಾಯಲು ಅವರನ್ನೇ ಎಬ್ಬಿಸುತ್ತಿದ್ದರಂತೆ. ಹನ್ನೆರಡೂವರೆಯಿಂದ ಒಂಬತ್ತೂವರೆ ಎಂದು ಬರೆದು ಸಹಿ ಮಾಡಿಕೊಡಿ, ಗೋಡೆಗೆ ಅಂಟಿಸುತ್ತೇನೆ ಎಂದರು. ಕೊಟ್ಟೆ. ಇನ್ನೊಬ್ಬರು ಕೆಲಸ ಬಿಟ್ಟು ಖರಾಡಿಯ ಒಂದು ಕಚೇರಿಗೆ ಸೇರಿದರು, ಜನರ ಮುಖ ನೋಡಬೇಕು ಎಂಬುದು ಅವರ ಕಾರಣ. ಅದನ್ನು ಸೋಲು ಎಂದು ನಾನು ಎಣಿಸುವುದಿಲ್ಲ.

ಇದಕ್ಕೆಲ್ಲ ಕಾನೂನೇ ಬೇಕು ಎನ್ನುವವರಿದ್ದಾರೆ. ಫ್ರಾನ್ಸ್‌ನಲ್ಲಿ ಕೆಲಸದ ವೇಳೆಯ ನಂತರ ಸಂಪರ್ಕ ಕಡಿದುಕೊಳ್ಳುವ ಹಕ್ಕು 2017ರಿಂದ ಕಾಯ್ದೆಯಲ್ಲಿದೆ. ನಮ್ಮಲ್ಲಿ ಬಾರಾಮತಿ ಸಂಸದೆ ಸುಪ್ರಿಯಾ ಸುಳೆ 2018ರ ಕೊನೆಯಲ್ಲಿ ಅಂಥದ್ದೇ ಖಾಸಗಿ ಮಸೂದೆಯನ್ನು ಲೋಕಸಭೆಯಲ್ಲಿ ಮಂಡಿಸಿದ್ದರು, ಅದು ಕಾಯ್ದೆಯಾಗಲಿಲ್ಲ. ಕಾನೂನು ಬಂದರೆ ಒಳ್ಳೆಯದೇ. ಆದರೆ ನಮ್ಮ ತಂಡದಲ್ಲಿ ರಾತ್ರಿ ಹನ್ನೊಂದಕ್ಕೆ ಯಾರೂ ಯಾರನ್ನೂ ಬಲವಂತ ಮಾಡಿರಲಿಲ್ಲ. ಬಲವಂತವಿಲ್ಲದೆ ಹುಟ್ಟಿದ ಭಯ ಹೋಗಬೇಕಾದರೆ, ಎಲ್ಲರಿಗಿಂತ ಮೇಲಿರುವವರು ಎಲ್ಲರಿಗೂ ಕಾಣುವಂತೆ ಎದ್ದು ಹೋಗಬೇಕು. ಪ್ರಸನ್ನ ಹಾಗೆ ಮಾಡಿದರು.

ಇನ್ನೂ ಬಗೆಹರಿಯದ್ದು ಹೊಸಬರ ವಿಷಯ. ಹಳಬರಿಗೆ ಅಕ್ಟೋಬರಿನ ಆ ಮಧ್ಯಾಹ್ನ ನೆನಪಿದೆ. ಆಮೇಲೆ ಸೇರಿದವರು ಆ ಕೋಣೆಯಲ್ಲಿ ಇರಲಿಲ್ಲ. ಅವರ ಕೈಯಲ್ಲಿರುವುದು ನಿಯಮದ ಪ್ರತಿ ಮಾತ್ರ, ಮತ್ತು ತಮ್ಮನ್ನು ಸಾಬೀತು ಮಾಡಿಕೊಳ್ಳುವ ತವಕ. ಈ ವರ್ಷ ಬಂದ ವಿಜಯಪುರದ ಹುಡುಗನೊಬ್ಬ ಮೊದಲ ತಿಂಗಳು ದಿನಕ್ಕೆ ಹನ್ನೆರಡು ಗಂಟೆ ಕೂತ. ಪ್ರಸನ್ನ ದಿನವೂ ಸಂಜೆ ಅವನಿಗೆ ಫೋನ್ ಮಾಡಿ, ಇವತ್ತಿನದು ಮುಗಿಯಿತೇ, ಹಾಗಾದರೆ ಮುಚ್ಚು ಎನ್ನುತ್ತಾರೆ. ಎರಡು ವಾರದ ಹಿಂದೆ ಅವನು ನನಗೆ ಫೋನ್ ಮಾಡಿದ.

"ಮೇಡಂ, ಸಂಜೆ ಏಳರಿಂದ ಎಂಟು ತಬಲಾ ಕಲಿಯಲು ಹೋಗಬಹುದೇ?"

"ಕೇಳುವುದೇ ಬೇಡಪ್ಪ. ಕ್ಯಾಲೆಂಡರಿನಲ್ಲಿ ಬರೆದು ಹೊರಟುಬಿಡು" ಎಂದೆ.

ಮರುದಿನ ತೆರೆದು ನೋಡಿದೆ. ಏಳರಿಂದ ಎಂಟರ ಚೌಕದಲ್ಲಿ ಅವನು ಬರೆದಿದ್ದ: "ಕ್ಲೈಂಟ್ ಕರೆ". ಅದರ ಪಕ್ಕದಲ್ಲೇ ಪ್ರಸನ್ನ ಅವರ ಮೂರು ಬೆಳಗುಗಳು, ಅಪ್ಪನ ಜೊತೆ ಆಸ್ಪತ್ರೆ ಎಂದು, ಎಲ್ಲರಿಗೂ ಕಾಣುವಂತೆ ಇದ್ದವು.